ಶೇಷಾದ್ರಿ ಅಂಕಲ್ ಡೈಸ್ ಮುಟ್ಟಲ್ಲ

ನಂಗೊಂದು ದುರಭ್ಯಾಸ ಇದೆ, ಮೊದ್ಲೇ ಹೇಳ್ಬಿಡ್ತೀನಿ. ಯಾರಾದ್ರೂ ಒಂದು ವಿಷಯಾನ ಕಣ್ಮುಚ್ಕೊಂಡು ನಂಬಿರೋದು ಕಂಡ್ರೆ ಸುಮ್ನಿರಕ್ಕಾಗಲ್ಲ. ಲ್ಯಾಪ್‌ಟಾಪ್ ತೆಗೆದು, ಅದಕ್ಕೊಂದು ಪುಟ್ಟ ಪ್ರೋಗ್ರಾಂ ಬರೆದು, ಹತ್ತು ಲಕ್ಷ ಸಲ ಓಡಿಸಿ, ‘ನೋಡಿ, ನೀವಂದ್ಕೊಂಡಿದ್ದು ಸುಳ್ಳು’ ಅಂತ ಗ್ರಾಫ್ ಸಮೇತ ತೋರಿಸೋ ತನಕ ಊಟ ಸೇರಲ್ಲ. ಸ್ಟ್ಯಾಟಿಸ್ಟಿಕ್ಸ್ ನಾನು ಕಾಲೇಜಲ್ಲಿ ಕಲ್ತಿದ್ದಲ್ಲ. ಡೌನರ್ಸ್ ಗ್ರೋವ್‌ನಿಂದ ಶಿಕಾಗೋಗೆ ಹೋಗೋ ಟ್ರೈನಲ್ಲಿ ಕೂತು, ಫೋನಲ್ಲಿ ವಿಡಿಯೋ ನೋಡ್ಕೊಂಡು, ಸ್ಟೇಷನ್ ಬಂದಾಗ ಅರ್ಧಕ್ಕೆ ನಿಲ್ಲಿಸ್ಕೊಂಡು ಕಲ್ತಿದ್ದು. ಹೊಸದಾಗಿ ಸೈಕಲ್ ಕಲ್ತೋರು ಎದುರುಗಡೆ ಅಂಗಡಿಗೂ ಸೈಕಲ್ಲಲ್ಲೇ ಹೋಗ್ತಾರಲ್ಲ, ಹಂಗೆ ನನ್ನ ಪರಿಸ್ಥಿತಿ. ಇದ್ರಿಂದ ಸ್ನೇಹಿತರು ಸ್ವಲ್ಪ ಕಮ್ಮಿಯಾಗಿದಾರೆ. ಉಳಿದಿರೋರು ನನ್ನೆದುರಿಗೆ ಏನನ್ನೂ ನಂಬೋದಿಲ್ಲ.

ಹೀಗೆ ನನ್ನ ಕೈಗೆ ಸಿಕ್ಕಿಬಿದ್ದೋರಲ್ಲಿ ಶೇಷಾದ್ರಿ ಅಂಕಲ್ ಒಬ್ಬರು. ನಾನು ಡೆಟ್ರಾಯಿಟ್‌ನಲ್ಲಿ ಎಂಎಸ್ ಮಾಡುವಾಗ ಎರಡು ವರ್ಷ ಅವರ ನಾರ್ತ್‌ವಿಲ್ ಮನೆ ಬೇಸ್‌ಮೆಂಟಲ್ಲಿದ್ದೆ. ಬಾಡಿಗೆಗೆ ಅಂತ ಹೋಗಿ, ಆರು ತಿಂಗಳಾಗೋ ಹೊತ್ತಿಗೆ ಶಾರದಾ ಆಂಟಿ ಮಾಡಿದ ಹುಳಿ ಬಿಸಿ ಮಾಡ್ಕೊಂಡು ತಿನ್ನೋ ಮನೆ ಮಗಳಾಗಿದ್ದೆ. ಈಗಲೂ ಲಾಂಗ್ ವೀಕೆಂಡ್ ಬಂದ್ರೆ ಕಾರು ತಾನಾಗೇ ಐ-ನೈಂಟಿಫೋರ್ ಹೈವೇ ಹತ್ತಿಬಿಡತ್ತೆ. ಅಂಕಲ್ ಮೈಸೂರಿನೋರು. ಇಲ್ಲಿ ಮೂವತ್ತು ವರ್ಷ ಕಾರಿನ ಬ್ರೇಕ್ ಡಿಸೈನ್ ಮಾಡಿ ರಿಟೈರ್ ಆದ್ರು. ಬ್ರೇಕ್ ಮಾಡೋ ಮನುಷ್ಯ ಹೇಗಿರ್ಬೇಕೋ ಹಂಗೇ ಇದಾರೆ. ಯಾವ ಕೆಲಸಕ್ಕೂ ದುಡುಕಲ್ಲ, ಹಾಲು ಉಕ್ಕಿದ್ರೂ ಎದ್ದು ನಿಂತು, ಚಪ್ಪಲಿ ಹಾಕ್ಕೊಂಡು, ಆಮೇಲೆ ಸ್ಟೌವ್ ಹತ್ರ ಹೋಗ್ತಾರೆ.

ಇಂಥ ಮನುಷ್ಯ ತಿಂಗಳಿಗೊಂದ್ಸಲ ಡೆಟ್ರಾಯಿಟ್ ಡೌನ್‌ಟೌನಲ್ಲಿರೋ ಒಂದು ಕ್ಯಾಸಿನೋಗೆ ಹೋಗ್ತಾರೆ. ಬೆಳಿಗ್ಗೆ ಹೊತ್ತು, ಸ್ನಾನ ಸಂಧ್ಯಾವಂದನೆ ಎಲ್ಲ ಮುಗಿಸ್ಕೊಂಡು. ಅಲ್ಲಿನ ಬಫೆ ಅವರಿಗೆ ಸೇರಲ್ಲ ಅಂತ ಆಂಟಿ ಪುಳಿಯೋಗರೆ ಡಬ್ಬಿ ಕಟ್ಟಿಕೊಡ್ತಾರೆ. ಅದನ್ನ ಪಾರ್ಕಿಂಗ್ ಗರಾಜಿನ ನಾಲ್ಕನೇ ಲೆವೆಲ್ಲಲ್ಲಿ, ಕಾರೊಳಗೆ ಕೂತು ತಿಂದು ಒಳಗೆ ಹೋಗ್ತಾರೆ. ಜೂಜಿಗೆ ಹೋಗೋ ಗಂಡನಿಗೆ ಬುತ್ತಿ ಕಟ್ಟೋ ಹೆಂಗಸು ಮಿಶಿಗನ್‌ನಲ್ಲಿ ಇವರೊಬ್ಬರೇ ಇರ್ಬೇಕು.

ಅವರು ಆಡೋದು ಕ್ರಾಪ್ಸ್. ಗೊತ್ತಿಲ್ದೋರಿಗೆ ಹೇಳ್ಬೇಕು ಅಂದ್ರೆ, ದೊಡ್ಡ ಬಾತ್‌ಟಬ್ ಥರದ ಟೇಬಲ್ಲು, ಸುತ್ತ ಜನ, ಒಬ್ಬರ ಕೈಲಿ ಎರಡು ಡೈಸು. ಅವರೇ ಶೂಟರ್. ಮೊದಲನೇ ಎಸೆತದಲ್ಲಿ ಏಳೋ ಹನ್ನೊಂದೋ ಬಿದ್ರೆ ಗೆದ್ರಿ. ಎರಡು, ಮೂರು, ಹನ್ನೆರಡು ಬಿದ್ರೆ ಸೋತ್ರಿ. ಮಿಕ್ಕಿದ್ದು ಯಾವ ನಂಬರ್ ಬಿದ್ರೂ ಅದು ‘ಪಾಯಿಂಟ್’. ಆ ನಂಬರ್ ಮತ್ತೆ ಬೀಳೋ ತನಕ ಎಸೀತಾ ಇರ್ಬೇಕು. ಬಿದ್ರೆ ಗೆಲುವು. ಅಷ್ಟರೊಳಗೆ ಏಳು ಬಿತ್ತೋ, ಮುಗೀತು, ಡೈಸು ಪಕ್ಕದೋರಿಗೆ. ವಿಶೇಷ ಏನಪ್ಪ ಅಂದ್ರೆ ಎಸೆಯೋದು ಒಬ್ಬರು, ಅವರ ಕೈ ಮೇಲೆ ದುಡ್ಡಿಡೋದು ಎಲ್ಲರೂ. ಒಬ್ಬರು ಸೋತ್ರೆ ಹೆಚ್ಚೂಕಮ್ಮಿ ಇಡೀ ಟೇಬಲ್ಲೇ ಸೋಲತ್ತೆ. ಚಿಕ್ಕಂದಿನಲ್ಲಿ ನಾವಾಡ್ತಿದ್ದ ಚೌಕಾಬಾರದಲ್ಲಿ ಹಿಂಗಿರ್ಲಿಲ್ಲ. ಅಲ್ಲಿ ನನ್ನ ಹುಣಸೆ ಬೀಜ ಬೋರಲು ಬಿದ್ರೆ ನಾನೊಬ್ಬಳೇ ಅಳ್ಬೇಕಿತ್ತು, ಮಿಕ್ಕೋರೆಲ್ಲ ನಗ್ತಿದ್ರು. ಇಲ್ಲಿ ಅಳುವೂ ಜಾಯಿಂಟ್ ಅಕೌಂಟು.

ಅಂಕಲ್ ಮಾತ್ರ ಬೇಗ ದುಡ್ಡಿಡಲ್ಲ. ಹೊಸ ಶೂಟರ್ ಬಂದ್ರೆ ಕೈ ಕಟ್ಕೊಂಡು ನಿಂತ್ಕೊಳ್ತಾರೆ, ಹುಡುಗಿ ಕಡೆಯೋರು ವರನ್ನ ವಿಚಾರಿಸ್ಕೊಳ್ಳೋ ಹಂಗೆ. ಮೊದ್ಲು ಎರಡು ಪಾಯಿಂಟ್ ಹೊಡೆದು ತೋರಿಸ್ಲಿ, ಆಮೇಲೆ ನೋಡೋಣ. ಹೊಡೆದ್ರೆ ಮೂರನೇದಕ್ಕೆ ಮೆಲ್ಲಗೆ ಒಂದು ಚಿಪ್ಪು, ಅಂದ್ರೆ ದುಡ್ಡಿನ ಬದಲು ಇಡೋ ಬಿಲ್ಲೆ, ಇಡ್ತಾರೆ. ಡೈಸು ಅವರ ಮುಂದೆ ಬಂದ್ರೆ, ಇನ್ನೊಂದ್ಸಲ ಅನ್ನ ಬಡಿಸಕ್ಕೆ ಬಂದೋರಿಗೆ ‘ಸಾಕು ಸಾಕು’ ಅಂತ ಎಲೆ ಮೇಲೆ ಕೈ ಅಡ್ಡ ಇಡ್ತೀವಲ್ಲ, ಹಂಗೆ ಕೈ ಅಡ್ಡ ಮಾಡಿ ಪಕ್ಕದೋರಿಗೆ ದಾಟಿಸ್ಬಿಡ್ತಾರೆ. ನಾನು ನೋಡಿದ ಹಾಗೆ ಅವರು ಒಂದ್ಸಲಾನೂ ಡೈಸ್ ಮುಟ್ಟಿರ್ಲಿಲ್ಲ.

ಇದೊಂದು ಸ್ಟ್ರಾಟೆಜಿ ಅಂತಾನೇ ನಾನು ತಿಳ್ಕೊಂಡಿದ್ದೆ. ಎಷ್ಟೋ ಜನ ಹಿಂಗೇ ಆಡ್ತಾರೆ. ಕೈ ಬಿಸಿಯಾಗಿರೋ, ಅಂದ್ರೆ ಗೆಲ್ತಾನೇ ಇರೋ ಶೂಟರ್‌ಗೆ ಕಾಯ್ಬೇಕು ಅಂತ. ಸರಿ, ಕೂತೆ. ಮೂರು ಜನ ಕಂಪ್ಯೂಟರ್ ಅಂಕಲ್‌ಗಳನ್ನ ಮಾಡ್ದೆ. ಒಬ್ಬರು ಎಲ್ಲರ ಮೇಲೂ ಶುರುವಿಂದಲೇ ಇಡ್ತಾರೆ. ಇನ್ನೊಬ್ಬರು ಒಂದು ಪಾಯಿಂಟ್ ಆದ್ಮೇಲೆ. ಮೂರನೆಯವರು ನಮ್ಮೋರ ಥರ, ಎರಡಾದ್ಮೇಲೆ. ಮೂವರನ್ನೂ ಹತ್ತು ಲಕ್ಷ ಶೂಟರ್‌ಗಳ ಮುಂದೆ ನಿಲ್ಲಿಸ್ದೆ. ಪಾಪ, ಕಾಲು ನೋವು ಬಂದಿರತ್ತೆ.

ಉತ್ತರ ಏನು ಬಂತು ಗೊತ್ತಾ? ಮೂವರೂ ಇಟ್ಟ ಪ್ರತಿ ನೂರು ಡಾಲರ್‌ಗೆ ಸುಮಾರು ಒಂದು ಡಾಲರ್ ನಲವತ್ತು ಸೆಂಟ್ ಕಳ್ಕೊಂಡ್ರು. ಒಂದೇ ಥರ. ಎರಡು ಪಾಯಿಂಟ್ ಹೊಡೆದಿರೋ ಶೂಟರ್ ಇನ್ನೊಂದು ಗೆಲ್ಲೋ ಚಾನ್ಸು, ಈಗ ತಾನೆ ಪಾರ್ಕಿಂಗಿಂದ ಒಳಗೆ ಬಂದೋನಿಗೆ ಎಷ್ಟಿದೆಯೋ ಅಷ್ಟೇ. ಆಗಿದ್ದು ಆಗೋಯ್ತು, ಡೈಸು ಅದನ್ನ ನೆನಪಿಟ್ಕೊಳಲ್ಲ. ನೀವು ಕಾಯ್ತಿದ್ದಾಗ ಬಿದ್ದ ಗೆಲುವು ನಿಮ್ಮ ಕಣ್ಣಿಗಷ್ಟೇ ಬಂತು, ಜೇಬಿಗೆ ಬರ್ಲಿಲ್ಲ. ಹೌದು, ಕಾಯೋ ಅಂಕಲ್ ದಿನದ ಕೊನೇಲಿ ಕಮ್ಮಿ ಸೋತಿದ್ರು. ಆದ್ರೆ ಅದು ಕಮ್ಮಿ ಆಡಿದ್ದಕ್ಕೆ. ಆ ಲೆಕ್ಕದಲ್ಲಿ ಮನೇಲಿ ಉಪ್ಪಿಟ್ಟು ತಿಂತಾ ಕೂತಿರೋ ಅಂಕಲ್‌ಗಿಂತ ದೊಡ್ಡ ಆಟಗಾರ ಪ್ರಪಂಚದಲ್ಲೇ ಇಲ್ಲ. ಕೆಲವರು ಅಂತಾರೆ, ಎಸೆಯೋದ್ರಲ್ಲೇ ಕೈಚಳಕ ಇರತ್ತೆ ಅಂತ. ಡೈಸು ಆಚೆ ಗೋಡೆಗೆ, ಅಲ್ಲಿರೋ ಮೊನೆಮೊನೆ ರಬ್ಬರ್‌ಗೆ ಬಡಿದು ವಾಪಸ್ ಬರ್ಬೇಕು. ಅಷ್ಟಾದ್ಮೇಲೂ ಕೈಚಳಕ ಉಳಿಯೋ ಅಂಥೋರಿದ್ರೆ ಅವರಿಗೆ ನಮಸ್ಕಾರ, ಅವರು ಬೇರೆ ಏನಾದ್ರೂ ಕೆಲಸ ಮಾಡ್ಬೋದಿತ್ತು.

ಸೆಪ್ಟೆಂಬರ್ ಶುರುವಿನ ಲೇಬರ್ ಡೇ ವೀಕೆಂಡಲ್ಲಿ ಇಷ್ಟನ್ನೂ ಪ್ರಿಂಟ್ ಹಾಕ್ಕೊಂಡು ನಾರ್ತ್‌ವಿಲ್‌ಗೆ ಹೋದೆ. ಅಡುಗೆಮನೆ ಕೌಂಟರ್ ಮೇಲೆ ಕೊತ್ತಂಬರಿ ಸೊಪ್ಪು ಪಕ್ಕಕ್ಕೆ ಸರಿಸಿ ಗ್ರಾಫ್ ಹರಡ್ದೆ. ಅಂಕಲ್ ಕನ್ನಡಕ ಹಾಕ್ಕೊಂಡು, ಒಂದೊಂದೇ ಲೈನ್ ಮೇಲೆ ಬೆರಳಿಟ್ಟು ಪೂರ್ತಿ ನೋಡಿದ್ರು. ನಾನು ಶಭಾಷ್‌ಗಿರಿಗೆ ಕಾಯ್ತಾ ನಿಂತಿದ್ದೆ.

“ಲೆಕ್ಕ ಸರಿಯಾಗಿದೆ ಕಣಮ್ಮ” ಅಂದ್ರು. “ಆದ್ರೆ ನಾನು ಗೆಲ್ಲಕ್ಕೆ ಅಂತ ಕಾಯಲ್ಲ. ನನ್ನ ಕೈ ಸರಿಯಿಲ್ಲ. ನಾನೆಸೆದು ಬೇರೆಯೋರು ಯಾಕೆ ಸೋಲ್ಬೇಕು, ಅಂತ.”

ಹಂಗಂದು, ಗ್ರಾಫನ್ನ ನೀಟಾಗಿ ಮಡಿಚಿ ನನ್ನ ಕೈಗೆ ಕೊಟ್ಟು, ಲಾನ್‌ಗೆ ನೀರು ಬಿಡಕ್ಕೆ ಹೋದ್ರು.

ಕೈಗುಣ ಅನ್ನೋದು ನಮ್ಮೋರ ರಕ್ತದಲ್ಲೇ ಇದೆ ನೋಡಿ. ಮೊಸರಿಗೆ ಹೆಪ್ಪು ಹಾಕಕ್ಕೆ ಒಬ್ಬರ ಕೈ, ಉಪ್ಪಿನಕಾಯಿ ಕಲಸಕ್ಕೆ ಇನ್ನೊಬ್ಬರ ಕೈ. ಊರಲ್ಲಿ ನಮ್ಮಮ್ಮ ಡಿಗ್ರಿ ನೋಡಿ ಡಾಕ್ಟರ್ ಹತ್ರ ಹೋದೋಳಲ್ಲ, ‘ಅವರ ಕೈಗುಣ ಚೆನ್ನಾಗಿದೆ’ ಅಂತ ಹೋಗ್ತಿದ್ಲು. ಇಲ್ಲೂ ಅದೇ. ನೋವೈ, ನಾರ್ತ್‌ವಿಲ್ ಕಡೆ ಕರಿಬೇವಿನ ಗಿಡ ಬದುಕಿಸೋದು ಮಗು ಸಾಕಿದಂಗೆ. ಯಾರ ಮನೆ ಗಿಡ ಮಿಶಿಗನ್ ಚಳಿ ದಾಟತ್ತೋ ಅವರ ಕೈಯಿಂದಾನೇ ಎಲ್ಲರೂ ಸಸಿ ಇಸ್ಕೊಳ್ತಾರೆ. ಅಷ್ಟೇ ಯಾಕೆ, ಹೆಚ್-ಒನ್‌ಬಿ ವೀಸಾ ಲಾಟರಿಗೂ ಕೈಗುಣ ನೋಡೋರಿದಾರೆ. ಕಂಪ್ಯೂಟರ್ ಕಣ್ಮುಚ್ಚಿ ಎತ್ತೋ ಲಾಟರಿಗೆ ‘ಆ ಲಾಯರ್ ಕೈಲಿ ಹಾಕಿಸಿದ್ರೆ ಆಗತ್ತಂತೆ’ ಅನ್ನೋ ಮಾತು ನಾನೇ ಎಷ್ಟು ಪಾಟ್‌ಲಕ್‌ಗಳಲ್ಲಿ ಕೇಳಿದೀನೋ. ನಗ್ಬೇಡಿ, ನಂದೂ ಒಂದಿದೆ. ಮೊದಲನೇ ವರ್ಷ ಲಾಯರ್‌ಗೆ ಪೇಪರ್ಸ್ ಕಳಿಸೋ ಈಮೇಲ್ ನಾನೇ ಸೆಂಡ್ ಮಾಡ್ದೆ, ಪಿಕ್ ಆಗ್ಲಿಲ್ಲ. ಎರಡನೇ ವರ್ಷ ರೂಮ್‌ಮೇಟ್ ಚೈತ್ರನ್ನ ಕರೆದು ಅವಳ ಕೈಲಿ ಸೆಂಡ್ ಬಟನ್ ಒತ್ತಿಸ್ದೆ, ಯಾಕಂದ್ರೆ ಅವಳದ್ದು ಮೊದಲನೇ ಸಲಾನೇ ಆಗಿತ್ತು. ಆಯ್ತು. ಇದಕ್ಕೆ ಮಾತ್ರ ನಾನಿನ್ನೂ ಪ್ರೋಗ್ರಾಂ ಬರೆದಿಲ್ಲ. ಬರೆಯೋ ಯೋಚ್ನೆನೂ ಇಲ್ಲ.

ಒಳ್ಳೆ ಕೈ ಅಂತ ಒಂದಿದೆ ಅಂದ್ಮೇಲೆ ಕೆಟ್ಟ ಕೈ ಅಂತಾನೂ ಒಂದಿರ್ಲೇಬೇಕಲ್ಲ. ಅದು ನಂಗೆ ಯಾವತ್ತೂ ಹೊಳೆದೇ ಇರ್ಲಿಲ್ಲ. ಅದು ಯಾರದ್ದೋ ಒಬ್ಬರದ್ದಾಗಿರ್ಬೇಕು, ಆ ಮನುಷ್ಯ ಆ ಕೈನ ದಿನಾ ಹೊತ್ಕೊಂಡು ಓಡಾಡ್ಬೇಕು.

ಅಂಕಲ್ ಆಚೆ ಹೋದ್ಮೇಲೆ ಆಂಟಿ ಕಥೆ ಹೇಳಿದ್ರು. ಮದುವೆಯಾದ ಹೊಸದ್ರಲ್ಲಿ ಅಂಕಲ್ ತಮ್ಮ ಅಣ್ಣನ ಮಗ ಗುರುನ ಕೂರಿಸ್ಕೊಂಡು ಅಕ್ಷರಾಭ್ಯಾಸ ಮಾಡಿಸಿದ್ರಂತೆ. ಮನೇಲಿ ಮೊದಲನೇ ಇಂಜಿನಿಯರ್ ಅವರೇ, ಅದಕ್ಕೆ ಅವರ ಕೈಲೇ ಆಗ್ಲಿ ಅಂತ. ಗುರು ಎಸ್ಸೆಸ್ಸೆಲ್ಸಿ ಮ್ಯಾಥ್ಸಲ್ಲಿ ಎರಡು ಸಲ ಡುಮ್ಕಿ ಹೊಡೆದ. ಯಾರೋ ತಮಾಷೆಗೆ ‘ಶೇಷ ಬರೆಸಿದ್ದಲ್ವಾ’ ಅಂದ್ರು. ಅಷ್ಟೇ. ಆಮೇಲೆ ಆ ಮನೇಲಿ ಯಾರು ಫೇಲಾದ್ರೂ ‘ಇದನ್ನೂ ಶೇಷಾನೇ ಬರೆಸಿದ್ನಾ’ ಅಂತ ಕೇಳೋದು ರೂಢಿಯಾಯ್ತು. ಎಲ್ಲರೂ ನಗ್ತಿದ್ರು, ಅಂಕಲ್ಲೂ ನಗ್ತಿದ್ರು. ನಗ್ತಾ ನಗ್ತಾನೇ ಅವರು ಅದನ್ನ ನಂಬಿಬಿಟ್ರು. ಸ್ವಂತ ಮಗಳು ವಿದ್ಯಾಗೂ ಅಕ್ಷರ ಬರೆಸ್ಲಿಲ್ಲ, ಮಾವನೋರ ಕೈಲಿ ಬರೆಸಿದ್ರು. ವಿದ್ಯಾಕ್ಕ ಡಾಕ್ಟರಾದ್ಲು. ಅಲ್ಲಿಗೆ ಅಂಕಲ್ ಪಾಲಿಗೆ ಕೇಸು ಕ್ಲೋಸು.

“ಆ ಗುರು ಈಗೇನ್ಮಾಡ್ತಿದಾನೆ?” ಅಂತ ಕೇಳ್ದೆ. ಮೈಸೂರಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿದಾನಂತೆ, ಮದುವೆ ಕಾಗದ ಹೊಡಿತಾನಂತೆ, ಕೈತುಂಬ ಕೆಲಸ. ಊರಿಗೆಲ್ಲ ಅಕ್ಷರ ಹಂಚ್ತಿರೋ ಮನುಷ್ಯನ್ನ ಈ ಮನೆಯೋರು ಇನ್ನೂ ಫೇಲಾದೋನ ಲೆಕ್ಕದಲ್ಲೇ ಇಟ್ಟಿದಾರೆ.

ಇದನ್ನ ಬರೀ ಹಳೇ ಕಥೆ ಅಂತ ಬಿಡಕ್ಕಾಗ್ಲಿಲ್ಲ, ಯಾಕಂದ್ರೆ ಆ ವಾರಾನೇ ಶಿಕಾಗೋ ಹತ್ರದ ಅರೋರಾದಿಂದ ವಿದ್ಯಾಕ್ಕ ಫೋನ್ ಮಾಡಿದ್ಲು. ಮಗಳು ಮೀರಾಗೆ ನಾಲ್ಕೂವರೆ. ಹೋದ್ವರ್ಷಾನೇ ವಿಜಯದಶಮಿಗೆ ಅಕ್ಷರಾಭ್ಯಾಸ ಆಗ್ಬೇಕಿತ್ತು. ಅಂಕಲ್ ‘ಒಳ್ಳೆ ಕೈ ಸಿಗ್ಲಿ, ಕಾಯೋಣ’ ಅಂತ ಮುಂದೂಡಿದ್ರು. ಈ ವರ್ಷ ಯಾರೋ ಹಾರ್ಟ್ ಸ್ಪೆಷಲಿಸ್ಟ್ ಹೆಸರು ಹೇಳಿ, ಅವರ ಕೈಲಿ ಬರೆಸು ಅಂತಿದಾರೆ. ಅಷ್ಟರಲ್ಲಿ ಮೀರಾ ಪ್ರಿಸ್ಕೂಲಲ್ಲಿ ಎಬಿಸಿಡಿ ಮುಗಿಸಿ, ಫ್ರಿಜ್ ಮೇಲೆ ತನ್ನ ಹೆಸರು ಬರೆದು ಅಂಟಿಸಿಯಾಗಿದೆ.

“ಅಪ್ಪ ತಾತನ ಮನೆಗೇ ಕರ್ಕೊಂಡೋಗಿ ತಾತನ ಕೈಲಿ ನಂಗೆ ಬರೆಸ್ದಾಗ ನಾನು ಚಿಕ್ಕೋಳು, ಗೊತ್ತಾಗ್ಲಿಲ್ಲ” ಅಂದ್ಲು ವಿದ್ಯಾಕ್ಕ. “ಈಗ ನನ್ನ ಮಗಳಿಗೂ ದೂರ ನಿಂತ್ಕೊಳ್ತಾರೆ ಅಂದ್ರೆ ನಂಗೆ ಬೇಡ್ವೇ ಬೇಡ ಅಕ್ಷರಾಭ್ಯಾಸ. ನಿನ್ನ ಮಾತು ಕೇಳ್ತಾರೆ ಕಣೇ, ಅವರೇ ಬರೆಸ್ಲಿ ಅಂತ ಒಂದ್ಸಲ ಹೇಳು.”

ನನ್ನ ಮಾತು ಕೇಳ್ತಾರಾ? ಗ್ರಾಫನ್ನೇ ಮಡಿಚಿ ಕೊಟ್ಟ ಮನುಷ್ಯ. ಫೋನಲ್ಲಿ ಹೇಳೋ ಧೈರ್ಯ ಆಗ್ದೆ, ಮತ್ತೆ ನಾರ್ತ್‌ವಿಲ್‌ಗೆ ಹೋಗಿ, ಆ ಭಾನುವಾರ ಅವರ ಜೊತೆ ಕ್ಯಾಸಿನೋಗೆ ಹೊರಟೆ. ಕಾರಲ್ಲಿ ಹೋಗ್ತಾ ಹೆಂಗೋ ಮಾತು ತೆಗೆಯೋಣ ಅಂತ. ಮೂವತ್ತು ಮೈಲಿ ಪೂರ್ತಿ ಹವಾಮಾನದ ಬಗ್ಗೆನೇ ಮಾತಾಡಿದ್ವಿ.

ಬೆಳಿಗ್ಗೆ ಹತ್ತು ಗಂಟೆ. ಟೇಬಲ್ ಖಾಲಿ. ನಾವಿಬ್ಬರು, ಮತ್ತೆ ಆ ತುದೀಲಿ ನೇರಳೆ ಬಣ್ಣದ ಟೋಪಿ ಹಾಕ್ಕೊಂಡಿದ್ದ ಒಬ್ಬರು ವಯಸ್ಸಾದ ಹೆಂಗಸು, ಡೆಟ್ರಾಯಿಟ್‌ನೋರೇ. ಅವರ ಬಲಗೈ ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು. ಎಸೆಯಕ್ಕಾಗಲ್ಲ, ಸುಮ್ನೆ ಆಡ್ತೀನಿ ಅಂತ ಮೊದ್ಲೇ ಹೇಳ್ಬಿಟ್ರು. ಡೈಸು ನಂಗೆ ಬಂತು. ಪಾಯಿಂಟ್ ಎಂಟು. ಇನ್ನೊಂದೇ ಎಸೆತಕ್ಕೆ ಏಳು. ಅಷ್ಟು ಓದ್ಕೊಂಡಿರೋ ಕೈ, ನೋಡಿ.

ಮುಂದೆ ಅಂಕಲ್ ಸರದಿ. ಅವರು ಮಾಮೂಲಿನಂತೆ ಕೈ ಅಡ್ಡ ಮಾಡಿದ್ರು. ಡೈಸು ಅವರನ್ನ ದಾಟಿ ಹೋಗಕ್ಕೆ ಆಚೆ ಯಾರೂ ಇಲ್ಲ. ನಾನು ‘ನಂಗೆ ಬೇಡ’ ಅಂತ ಹಿಂದಕ್ಕೆ ಸರಿದೆ. ಬೇಕಂತಲೇ ಸರಿದೆ, ಒಪ್ಕೋತೀನಿ. ಡೈಸ್ ತಳ್ಳೋ ಕೋಲು ಹಿಡ್ಕೊಂಡಿದ್ದ ಡೀಲರ್ ಮತ್ತೆ ಅಂಕಲ್ ಕಡೆಗೇ ನೋಡ್ದ. ಟೋಪಿ ಹೆಂಗಸು ಅಂಕಲ್ ಮುಖ ನೋಡಿ, ತಮ್ಮ ಚಿಪ್ಪನ್ನ ಟೇಬಲ್ ಮೇಲೆ ದುಡ್ಡಿಡೋ ಲೈನಲ್ಲಿಟ್ಟು, ನಿಮ್ಮದೇ ಟರ್ನು, ಎಸೀರಿ ಅಂದ್ರು. ಅಂಕಲ್ ಇಂಗ್ಲಿಷಲ್ಲಿ, ನನ್ನ ಕೈ ಒಳ್ಳೇದಲ್ಲ, ದಯವಿಟ್ಟು ನಿಮ್ಮ ದುಡ್ಡು ವಾಪಸ್ ತಗೊಳ್ಳಿ ಅಂದ್ರು. ಅವರು ತಗೊಳ್ಳಲಿಲ್ಲ.

ಕಾಯಕ್ಕೆ ಯಾರೂ ಇಲ್ದಿದ್ದಾಗ ಮನುಷ್ಯ ಏನ್ಮಾಡ್ತಾನೆ? ಅಂಕಲ್ ಒಂದು ಚಿಪ್ಪಿಟ್ರು. ಡೀಲರ್ ತಳ್ಳಿದ ಐದು ಡೈಸಲ್ಲಿ ಎರಡನ್ನ ಆರಿಸ್ಕೊಂಡು, ತೀರ್ಥ ತಗೊಳ್ಳೋ ಹಾಗೆ ಎರಡೂ ಕೈ ಸೇರಿಸಿ ಹಿಡ್ಕೊಂಡು ಕಣ್ಣಿಗೊತ್ತಿಕೊಂಡ್ರು. ಕ್ರಾಪ್ಸಲ್ಲಿ ಡೈಸನ್ನ ಒಂದೇ ಕೈಲಿ ಮುಟ್ಬೇಕು, ಟೇಬಲ್ ಬಿಟ್ಟು ಮೇಲೆ ತರಂಗಿಲ್ಲ. ಡೀಲರ್‌ಗಳು ಒಬ್ಬರ ಮುಖ ಒಬ್ಬರು ನೋಡಿದ್ರು. ‘ಒನ್ ಹ್ಯಾಂಡ್ ಓನ್ಲಿ, ಸರ್’ ಅಂತ ಒಬ್ಬ ಹೇಳಿ, ಡೈಸ್ ಇಸ್ಕೊಂಡು, ತಿರುಗಿಸಿ ನೋಡಿ ವಾಪಸ್ ಕೊಟ್ಟ. ಅಂಕಲ್ ಕಿವಿ ಕೆಂಪಗಾಯ್ತು.

ಎಸೆದ್ರು. ಒಂಬತ್ತು. ಪಾಯಿಂಟು. ಮತ್ತೆ ಎಸೆದ್ರು. ಐದು. ಮತ್ತೆ. ಏಳು.

ಡೀಲರ್ ಏನೋ ಗೊಣಗಿ, ಎಲ್ಲರ ಚಿಪ್ಪು ಎಳ್ಕೊಂಡು, ಪಕ್ಕದೋನ ಜೊತೆ ಲಂಚ್ ಬ್ರೇಕ್ ಬಗ್ಗೆ ಮಾತು ಮುಂದುವರಿಸ್ದ. ಅಷ್ಟೇ. ಆಕಾಶ ಬೀಳ್ಲಿಲ್ಲ. ಅಂಕಲ್ ಮಾತ್ರ ಬೇರೆ ಯಾರನ್ನೂ ನೋಡ್ದೆ ನೇರವಾಗಿ ಆ ಹೆಂಗಸಿನ ಹತ್ರ ಹೋಗಿ ಸಾರಿ ಕೇಳಿದ್ರು. ಪದ್ಧತಿಗೆ ಕೇಳೋ ಸಾರಿ ಅಲ್ಲ ಅದು, ಯಾರದ್ದೋ ಮನೆ ಕಿಟಕಿ ಗಾಜು ಒಡೆದ ಹುಡುಗ ಕೇಳೋ ಥರದ್ದು. ಆಯಮ್ಮ ಆಶ್ಚರ್ಯದಿಂದ ನೋಡಿದ್ರು. ಅವರಂದಿದ್ದನ್ನ ನಮ್ಮ ಮಾತಲ್ಲಿ ಹೇಳ್ಬೇಕಂದ್ರೆ ಇಷ್ಟು: ನೀವ್ಯಾಕಪ್ಪ ಸಾರಿ ಕೇಳ್ತೀರಿ, ಇಟ್ಟೋಳು ನಾನು, ನಿಮ್ಮನ್ನ ನೋಡೇ ಇಟ್ಟೆ. ಹಂಗಂದು ಮುಂದಿನ ಆಟಕ್ಕೆ ಚಿಪ್ಪು ಜೋಡಿಸ್ಕೊಳಕ್ಕೆ ಶುರು ಮಾಡಿದ್ರು.

ವಾಪಸ್ ಬರ್ತಾ ಲೆಕ್ಕದ ಮಾತು ನಾನು ಆಡ್ಲಿಲ್ಲ. ಆಡ್ದೇ ಇರೋದು ನಂಗೆ ಎಷ್ಟು ಕಷ್ಟ ಅನ್ನೋದು ನಿಮಗೆ ಈಗಾಗ್ಲೇ ಗೊತ್ತಾಗಿದೆ. ನೋವೈ ಎಕ್ಸಿಟ್ ಹತ್ರ ಬಂದಾಗ ಅಂಕಲ್ಲೇ ಮಾತು ತೆಗೆದ್ರು.

“ಬೇಡ ಅಂತ ಹೇಳಿದ್ಮೇಲೂ ಇಟ್ರಲ್ಲಮ್ಮ ಆಯಮ್ಮ.”

“ವಿದ್ಯಾಕ್ಕನೂ ಅದೇ ತಾನೇ ಅಂಕಲ್ ಮಾಡ್ತಿರೋದು” ಅಂದೆ. ಒಂದೇ ಮಾತು. ಗ್ರಾಫ್ ಇಲ್ಲ, ಏನಿಲ್ಲ. ಅಂಕಲ್ ಇಂಡಿಕೇಟರ್ ಹಾಕಿದ್ರು, ಎಕ್ಸಿಟ್ ತಗೊಂಡ್ರು, ಸಿಗ್ನಲ್ಲಲ್ಲಿ ನಿಂತ್ರು. ಸಿಗ್ನಲ್ ಹಸಿರಾದ್ಮೇಲೂ ನಿಂತೇ ಇದ್ರು. ಹಿಂದಿನೋನು ಹಾರ್ನ್ ಹೊಡೆದ.

ಆ ವಿಜಯದಶಮಿ ವೀಕೆಂಡಲ್ಲಿ ಅರೋರಾ ದೇವಸ್ಥಾನದಲ್ಲಿ ಕಾಲಿಡಕ್ಕೆ ಜಾಗ ಇರ್ಲಿಲ್ಲ. ಅಕ್ಷರಾಭ್ಯಾಸಕ್ಕೆ ಮಕ್ಕಳ ಸಾಲೇ ಸಾಲು. ಅಂಕಲ್ ಪಂಚೆ ಉಟ್ಕೊಂಡು, ಮೀರಾನ ಪಕ್ಕದಲ್ಲಿ ಕೂರಿಸ್ಕೊಂಡು, ಅಕ್ಕಿ ತಟ್ಟೆ ಮುಂದೆ ಕೂತಿದ್ರು. ವಿದ್ಯಾಕ್ಕ ಫೋನ್ ಹಿಡ್ಕೊಂಡು ವಿಡಿಯೋ ಮಾಡ್ತಿದ್ಲು, ಆದ್ರೆ ಸ್ಕ್ರೀನ್ ನೋಡ್ತಿರ್ಲಿಲ್ಲ, ಅಪ್ಪನ್ನೇ ನೋಡ್ತಿದ್ಲು. ಅರ್ಚಕರು ಮಂತ್ರ ಹೇಳಿ ಅರಿಶಿನದ ಕೊಂಬು ಕೊಟ್ರು. ಅಂಕಲ್ ಮೊಮ್ಮಗಳ ಬಲಗೈ ಹಿಡಿದ್ರು. ಮೀರಾ ಬಿಡಿಸ್ಕೊಂಡು ಕೊಂಬನ್ನ ಎಡಗೈಗೆ ತಗೊಂಡ್ಲು. ಅರ್ಚಕರು ‘ಬಲಗೈ, ಬಲಗೈ’ ಅಂದ್ರು. ಶಾರದಾ ಆಂಟಿ ಹಿಂದಿನಿಂದ ‘ಬಲಗೈ ಪುಟ್ಟಿ’ ಅಂದ್ರು.

“ಬಟ್ ತಾತಾ, ದಿಸ್ ಈಸ್ ಮೈ ರೈಟಿಂಗ್ ಹ್ಯಾಂಡ್” ಅಂದ್ಲು ಮೀರಾ.

ಅಂಕಲ್ ಅವಳ ಕೈ ನೋಡಿದ್ರು, ತಮ್ಮ ಕೈ ನೋಡ್ಕೊಂಡ್ರು. ಆಮೇಲೆ ನಿಧಾನವಾಗಿ ಎದ್ದು, ಪಂಚೆ ಸರಿ ಮಾಡ್ಕೊಂಡು, ಅವಳ ಬಲಗಡೆಯಿಂದ ಎಡಗಡೆಗೆ ಬಂದು ಕೂತ್ರು.

“ಇರ್ಲಿ ಬಿಡಿ ಸ್ವಾಮಿ, ಅವಳ ಕೈ ಯಾವುದೋ ಅದ್ರಲ್ಲೇ ಬರೀತಾಳೆ” ಅಂದ್ರು.

ಬರೆದ್ರು, ಇಬ್ಬರೂ ಸೇರಿ, ‘ಶ್ರೀ’ ಅಂತ. ಅಂಕಲ್ ಒಂದು ಕಡೆಗೆ ಎಳೆದ್ರೆ ಮೀರಾ ಇನ್ನೊಂದು ಕಡೆಗೆ. ಒತ್ತಕ್ಷರ ತಟ್ಟೆ ಅಂಚು ದಾಟಿ, ಒಂದು ಹಿಡಿ ಅಕ್ಕಿ ನೆಲಕ್ಕೆ ಚೆಲ್ತು. ಜಿಲೇಬಿ ಥರ ಕಾಣ್ತಿದೆ ಅಂತ ಆಂಟಿ ನನ್ನ ಕಿವೀಲಿ ಹೇಳಿದ್ರು. ಮೀರಾ ಮುಖ ಎತ್ತಿ, ‘ಈಸ್ ಇಟ್ ಗುಡ್?’ ಅಂತ ಕೇಳಿದ್ಲು.

ಅಂಕಲ್ ತಲೆ ಓರೆ ಮಾಡಿ ಆ ಅಕ್ಷರಾನ ಸ್ವಲ್ಪ ಹೊತ್ತು ನೋಡಿದ್ರು. “ಅಷ್ಟೇನೂ ಚೆನ್ನಾಗಿಲ್ಲ” ಅಂದ್ರು. ಅಂದು, ಅಂಗೈಯಲ್ಲಿ ಅಕ್ಕಿನ ಮೆಲ್ಲಗೆ ಸವರಿ ಸಮ ಮಾಡಿದ್ರು. ಈಗ ತಾನೆ ಅಲ್ಲಿ ಏನೋ ಬರೆದಿದ್ರು ಅನ್ನೋ ಗುರುತೂ ಉಳೀಲಿಲ್ಲ. “ಬಾ, ಇನ್ನೊಂದ್ಸಲ ಬರೆಯೋಣ.”

ಹಿಂದೆ ಕ್ಯೂನಲ್ಲಿದ್ದ ಅಪ್ಪ ಅಮ್ಮಂದಿರು ವಾಚ್ ನೋಡ್ಕೊಳಕ್ಕೆ ಶುರು ಮಾಡಿದ್ರು. ಸ್ವಲ್ಪ ಕಾಯ್ಲಿ, ಅಂದ್ಕೊಂಡೆ ನಾನು.